ಸುಧರಿಕೆಯವರನ್ನು ಪಟ್ಟಿಯಿಂದ ಬಿಡಬೇಡಿ: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ,
ಭಾರತ ಸರ್ಕಾರ, ಹೊಸದಿಲ್ಲಿ

ಮಾನ್ಯರೇ, ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಸರ್ಕಾರಿ ಕಚೇರಿಯಲ್ಲಿ ಮಲಯಾಳ, ಹೀಗೆ ಬೆಳೆದವನು. 2016ರಿಂದ 2023ರ ಕೊನೆಯವರೆಗೆ ಅಫ್ಘಾನಿಸ್ತಾನದ ಹೆರಾತ್ ಕಡೆಯ ನೆರವಿನ ಕೆಲಸದಲ್ಲಿದ್ದೆ. ಕೊನೆಯ ನಾಲ್ಕೂವರೆ ವರ್ಷ ಅಲ್ಲಿನ ನೆರವಿನ ಸಂಸ್ಥೆಗಳ ಒಂದು ಸಮನ್ವಯ ಕಚೇರಿಗೆ ಮುಖ್ಯಸ್ಥ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಪೆರ್ಲದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಕೂತು ಫೋನಿನಲ್ಲೇ ಕೆಲಸ ನಡೆಸಿದೆ. ಅಲ್ಲಿ ನಮ್ಮ ಜೊತೆ ನೆರವಿನ ಕೆಲಸ ಮಾಡಿದ ಅಫ್ಘಾನರ, ಅದರಲ್ಲೂ ಭಾರತದ ವೀಸಾ ಕಳೆದುಕೊಂಡವರ ಪರವಾಗಿ ಈ ಪತ್ರ. ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ಆದರೆ ಈ ವಿಷಯ ನನ್ನ ಊರಿನವರಿಗೂ ಗೊತ್ತಾಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನುವಾದ ಮಾಡುವವರು ಇದ್ದೇ ಇರುತ್ತಾರೆ.

ಸಮನ್ವಯ ಅಂದರೆ ಏನು ಕೆಲಸ ಅಂತ ಊರಿನಲ್ಲಿ ಎಲ್ಲರೂ ಕೇಳುತ್ತಿದ್ದರು. "ಎಂತದು ಮಾರಾಯ, ಯುದ್ಧ ಮಾಡುವವರಿಗೆ ಬುದ್ಧಿ ಹೇಳುವ ಕೆಲಸವಾ?" ಅಂತ ಪಕ್ಕದ ಮನೆಯ ಅಣ್ಣ ಒಮ್ಮೆ ಕೇಳಿದರು. ನಾನು ಹೇಳಿದೆ, ಸುಧರಿಕೆ ಅಣ್ಣ, ಸುಧರಿಕೆ. ನಮ್ಮ ಕಡೆ ಮದುವೆ ಮನೆಯಲ್ಲಿ, ದೇವಸ್ಥಾನದ ಬ್ರಹ್ಮಕಲಶದಲ್ಲಿ ಪಂಕ್ತಿ ನೋಡಿಕೊಳ್ಳುವ ಕೆಲಸಕ್ಕೆ ಹಾಗೆ ಹೇಳುತ್ತೇವೆ. ಅಡುಗೆ ಅವರದ್ದಲ್ಲ, ಖರ್ಚೂ ಅವರದ್ದಲ್ಲ. ಆದರೆ ಅವರಿಲ್ಲದಿದ್ದರೆ ಒಂದು ಪಂಕ್ತಿಗೆ ಮೂರು ಸಲ ಪಾಯಸ ಹೋಗುತ್ತದೆ, ಇನ್ನೊಂದು ಪಂಕ್ತಿ ನೀರಿಲ್ಲದೆ ಕೂತಿರುತ್ತದೆ. ಅಣ್ಣನಿಗೆ ಕೂಡಲೇ ಅರ್ಥವಾಯ್ತು. ಹಣ ಕೊಡುವ ದೇಶಗಳವರಿಗೆ ಇದನ್ನೇ ಅರ್ಥ ಮಾಡಿಸಲು ನನಗೆ ವರ್ಷಕ್ಕೆ ಮೂವತ್ತು ಪುಟದ ವರದಿ ಬೇಕಾಗುತ್ತಿತ್ತು.

2018ರಲ್ಲಿ ಪಶ್ಚಿಮ ಅಫ್ಘಾನಿಸ್ತಾನಕ್ಕೆ ದೊಡ್ಡ ಬರ ಬಂತು. ಬಾದ್ಗೀಸ್, ಘೋರ್ ಕಡೆಯ ಹಳ್ಳಿಗಳಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಬಹಳಷ್ಟು ಮಂದಿ ಹೆರಾತಿನ ಹೊರವಲಯಕ್ಕೆ ಬಂದು ಕೂತರು. ಆಗ ನಾನಿನ್ನೂ ಮುಖ್ಯಸ್ಥನಾಗಿರಲಿಲ್ಲ. ಯಾರು, ಎಲ್ಲಿ, ಏನು ಕೊಡುತ್ತಿದ್ದಾರೆ ಅಂತ ಬರೆದಿಡುವುದು ನನ್ನ ಕೆಲಸ. ಹೆರಾತಿನಲ್ಲಿ ಬೇಸಿಗೆಗೆ 120 ದಿನದ ಗಾಳಿ ಅಂತಲೇ ಒಂದು ಗಾಳಿ ಇದೆ. ಆ ಗಾಳಿಯಲ್ಲಿ ಡೇರೆಗಳು ಪಟಪಟ ಹೊಡೆದುಕೊಳ್ಳುವಾಗ ಒಬ್ಬ ಅಜ್ಜಿ ನನ್ನನ್ನು ಒಳಗೆ ಕರೆದು ಹನ್ನೊಂದು ಕಂಬಳಿ ತೋರಿಸಿದರು. ಮೂರು ಸಂಸ್ಥೆಗಳು ಕೊಟ್ಟದ್ದು. ಆಮೇಲೆ ಒಂದು ಹಳದಿ ಎಣ್ಣೆ ಡಬ್ಬ ತೋರಿಸಿದರು, ಖಾಲಿ. ಏಳು ಜನಕ್ಕೆ ದಿನಕ್ಕೆ ಅದೊಂದೇ ಡಬ್ಬ ನೀರು. ಒಬ್ಬರಿಗೆ ದಿನಕ್ಕೆ 15 ಲೀಟರ್ ಸಿಗಬೇಕು ಅಂತ ನೆರವಿನ ಲೋಕದಲ್ಲೇ ಒಪ್ಪಿಕೊಂಡ ಲೆಕ್ಕ ಇದೆ. ಮೂರು ಸಂಸ್ಥೆಗಳವರೂ ಒಳ್ಳೆಯವರೇ. ಒಬ್ಬರಿಗೊಬ್ಬರು ಮಾತಾಡಿರಲಿಲ್ಲ, ಅಷ್ಟೆ. ಆ ವಾರವೇ ಕೂತು ಮಾತಾಡಿದೆವು. ಮುಂದಿನ ವಾರ ಎರಡು ಟ್ಯಾಂಕರ್ ಬಂತು.

ನಾನು ಮಾಡಿದ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಬಹುಪಾಲು ಹೀಗೆಯೇ ಇದೆ. ಫೋಟೋದಲ್ಲಿ ಬರುವುದಿಲ್ಲ. ಉಳಿದದ್ದು ಕಾಯುವ ಕೆಲಸ. ಒಂದು ಚೆಕ್‌ಪೋಸ್ಟಿನಲ್ಲಿ ಲಾರಿ ಬಿಡುವುದಿಲ್ಲ ಅಂತಾರೆ. ಯಾರಿಗೆ ಫೋನ್ ಮಾಡಬೇಕು? ಆ ದಾರಿ ಇವತ್ತು ಯಾರ ಕೈಯಲ್ಲಿದೆ? ಅವರಿಗೆ ದುಡ್ಡು ಕೊಡುವ ಹಾಗಿಲ್ಲ, ಅವರ ಪಟ್ಟಿಯ ಪ್ರಕಾರ ಹಂಚುವ ಹಾಗೂ ಇಲ್ಲ. ಒಂದು ಸಂಸ್ಥೆ ಸುಮ್ನೆ ಒಪ್ಪಿಕೊಂಡರೆ ಮರುದಿನದಿಂದ ಎಲ್ಲರಿಗೂ ಅದೇ ರೇಟು. ಹಾಗಾಗಿ ಎಲ್ಲರೂ ಸೇರಿ ಒಂದೇ ಮಾತು ಆಡಬೇಕು. ಆ ಒಂದು ಮಾತಿಗೆ ಎಲ್ಲರನ್ನೂ ತರುವಷ್ಟರಲ್ಲಿ ಲಾರಿಯಲ್ಲಿದ್ದ ಟೊಮೆಟೊ ಕೊಳೆತಿರುತ್ತದೆ. ಟೊಮೆಟೊ ತರಬೇಡಿ ಅಂತ ಮೊದಲೇ ಹೇಳಿದ್ದೆವು, ಅದು ಬೇರೆ ಮಾತು.

ಇಂಥದ್ದು ನಮ್ಮ ಊರಿಗೂ ಬಂತು. 2020ರ ಮಾರ್ಚಿನಲ್ಲಿ ಕೋವಿಡ್ ಹೆಸರಿನಲ್ಲಿ ಕರ್ನಾಟಕವು ಕೇರಳದ ಕಡೆಯ ಗಡಿ ಮುಚ್ಚಿತು. ಗಡಿ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ತಲಪಾಡಿಯಲ್ಲಿ ಆಂಬುಲೆನ್ಸ್ ತಿರುಗಿಸಿಕೊಂಡು ಬಂದರು. ಕೆಲವರು ತೀರಿಹೋದರು. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯ್ತು. ನಾನು ಹೆರಾತಿನ ಕಚೇರಿಯಲ್ಲಿ ಇದನ್ನು ಹೇಳಿದಾಗ ನಮ್ಮ ಡ್ರೈವರ್ ಬಹಳ ಗಂಭೀರವಾಗಿ ಕೇಳಿದ: "ಆ ಕಡೆಯ ಕಮಾಂಡರ್ ಯಾರು? ಅವನ ಮಾವನ ನಂಬರ್ ಸಿಗುತ್ತದಾ?" ನಾವೆಲ್ಲ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ಇನ್ನು ನಾನು ಈ ಪತ್ರ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ.

2021ರ ಆಗಸ್ಟ್ 12ರಂದು ಹೆರಾತ್ ತಾಲಿಬಾನ್ ಕೈಗೆ ಹೋಯ್ತು. ನಾನು ಒಂದು ಸಭೆಗೆ ಅಂತ ಕಾಬೂಲಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದೆ. ಆ ರಾತ್ರಿ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಇತ್ತು. ನಮ್ಮ ಸದಸ್ಯ ಸಂಸ್ಥೆಗಳ ಸ್ಥಳೀಯ ನೌಕರರ ಹೆಸರು, ಹುದ್ದೆ, ಮನೆ ವಿಳಾಸ, ಫೋನ್ ನಂಬರ್, ತುರ್ತಿಗೆ ಯಾರಿಗೆ ಹೇಳಬೇಕು ಅಂತ ಮನೆಯವರ ಹೆಸರು. ನಾಲ್ಕು ವರ್ಷ ಕೂತು ಮಾಡಿದ್ದ ಪಟ್ಟಿ. ಏನಾದರೂ ಆದರೆ ಎಲ್ಲರನ್ನೂ ಒಂದು ಗಂಟೆಯೊಳಗೆ ಹುಡುಕಬೇಕು ಅಂತ ಮಾಡಿದ್ದು. ಅದೇ ಪಟ್ಟಿ ತಪ್ಪಿ ಬೇರೆಯವರ ಕೈ ಸೇರಿದರೆ ಅವರೂ ಒಂದು ಗಂಟೆಯೊಳಗೆ ಹುಡುಕುತ್ತಾರೆ. ಹೆರಾತಿನಲ್ಲಿದ್ದ ಸಹೋದ್ಯೋಗಿಗಳಿಗೆ ಫೋನ್ ಮಾಡಿದೆ. ಕಚೇರಿಯ ಕಾಗದ ಸುಡಿ ಅಂದೆ. ಸಂಬಳದ ಪುಸ್ತಕ, ಗುರುತು ಚೀಟಿ, ಹಾಜರಿ ಪುಸ್ತಕ ಎಲ್ಲ. ಬ್ರೆಡ್ಡು ಸುಡುವ ತಂದೂರಿನಲ್ಲಿ ಹಾಕಿದರಂತೆ. ನಾನು ಲ್ಯಾಪ್‌ಟಾಪಿನಲ್ಲಿದ್ದ ಪಟ್ಟಿ ಅಳಿಸಿದೆ. ಸರ್ವರ್‌ನಲ್ಲಿದ್ದ ಪ್ರತಿಯನ್ನೂ ಅಳಿಸಿದೆ. ಬೆಳಗಿನ ಜಾವ ಎರಡೂವರೆ ಆಗಿತ್ತು.

ಆಗಸ್ಟ್ 22ರಂದು ವಾಯುಪಡೆಯ ಸಿ-17 ವಿಮಾನದಲ್ಲಿ ದಿಲ್ಲಿ ಹತ್ತಿರದ ಹಿಂಡನ್ ವಾಯುನೆಲೆಯಲ್ಲಿ ಇಳಿದೆ. ನಿಮ್ಮ ಅಧಿಕಾರಿಗಳು, ಆ ಪೈಲಟ್‌ಗಳು ಆ ದಿನಗಳಲ್ಲಿ ಮಾಡಿದ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಕೈಮುಗಿಯುತ್ತೇನೆ, ಇದು ಬಾಯಿಮಾತಿನ ಉಪಚಾರ ಅಂತ ತಿಳಿಯಬೇಡಿ. ಆದರೆ ಆ ವಿಮಾನ ಹತ್ತಲು ನನ್ನ ಹೆಸರು ಒಂದು ಪಟ್ಟಿಯಲ್ಲಿತ್ತು. ನನ್ನ ಕೆಲಸವನ್ನು ನಿಜವಾಗಿ ಮಾಡಿದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅವರಲ್ಲಿ ಒಬ್ಬರ ಕಥೆ ಹೇಳುತ್ತೇನೆ. ಹೆಸರು ಬರೆಯುವುದಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಆಕೆ ಭಾರತ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋದರೆ ಒಂದೂವರೆ ಗಂಟೆಯ ದಾರಿ. ಹೆರಾತಿನ ಕಚೇರಿಯಲ್ಲಿ ಮೊದಲ ದಿನ ನನ್ನ ಊರು ಕೇಳಿ, "ಕಾಸರಗೋಡಾ? ಇಳಿಲಿಕ್ಕುಂಟು!" ಅಂದರು. ಮಂಗಳೂರಿನ ಬಸ್ಸಿನಲ್ಲಿ ಕಲಿತ ಕನ್ನಡ. ದಿನಾ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು "ಊಟ ಆಯ್ತಾ ಸರ್?" ಅಂತ ಕೇಳುವರು. ಸಭೆಯಲ್ಲಿ ಪಶ್ತೋದವರು, ದರಿಯವರು, ಉಜ್ಬೇಕರು, ಯುರೋಪಿನವರು ಒಟ್ಟಿಗೆ ಕೂತಾಗ ಯಾರು ಏನು ಹೇಳಲಿಲ್ಲ ಎಂಬುದನ್ನೂ ಬರೆದುಕೊಳ್ಳುವರು. ಹಳ್ಳಿಗೆ ಹೋದರೆ ಮನೆಯ ಒಳಗೆ ಹೋಗಿ ಹೆಂಗಸರ ಹತ್ತಿರ ಮಾತಾಡಿ ಬರುವರು. ನಾನು ಹೊರಗೆ ಗಂಡಸರ ಜೊತೆ ಚಹಾ ಕುಡಿದು ಕೇಳಿದ ಲೆಕ್ಕಕ್ಕೂ ಆಕೆ ಒಳಗಿನಿಂದ ತಂದ ಲೆಕ್ಕಕ್ಕೂ ಯಾವತ್ತೂ ತಾಳೆಯಾಗುತ್ತಿರಲಿಲ್ಲ. ಆಕೆಯದ್ದೇ ಸರಿ ಇರುತ್ತಿತ್ತು.

2021ರ ಆಗಸ್ಟಿನಲ್ಲಿ ಆಕೆಯ ಪಾಸ್‌ಪೋರ್ಟಿನಲ್ಲಿ ಭಾರತದ ವೀಸಾ ಇತ್ತು. ಮುಂದೆ ಓದಬೇಕು ಅಂತ ಮಾಡಿಸಿಕೊಂಡದ್ದು. ಆಗಸ್ಟ್ 25ರಂದು ಸರ್ಕಾರದ ಪ್ರಕಟಣೆ ಬಂತು: ಕೆಲವು ಅಫ್ಘಾನರ ಪಾಸ್‌ಪೋರ್ಟ್‌ಗಳು ಕೈತಪ್ಪಿವೆ ಎಂಬ ವರದಿ ಇದೆ, ಹಾಗಾಗಿ ಭಾರತದ ಹೊರಗಿರುವ ಎಲ್ಲ ಅಫ್ಘಾನರ ಹಳೆಯ ವೀಸಾಗಳೂ ಕೂಡಲೇ ರದ್ದು, ಇನ್ನು ಇ-ವೀಸಾ ಮಾತ್ರ. ಕೆಲವರ ಪಾಸ್‌ಪೋರ್ಟ್ ಕಳವಾದರೆ ಎಲ್ಲರ ವೀಸಾ ಹೋಯ್ತು! ಭದ್ರತೆಯ ಕಾರಣ ನನಗೂ ಅರ್ಥವಾಗುತ್ತದೆ. ಅಂಥ ತೀರ್ಮಾನ ನಾನೂ ತೆಗೆದುಕೊಂಡಿದ್ದೇನೆ. ಆದರೆ ಬಾಗಿಲು ಮುಚ್ಚಿದ ಮೇಲೆ ಪರಿಚಯದವರು ತಟ್ಟಿದರೆ ಕಿಟಕಿಯಿಂದಾದರೂ ನೋಡಬೇಕಲ್ವಾ?

ಆಕೆ ಇ-ವೀಸಾಕ್ಕೆ ಅರ್ಜಿ ಹಾಕಿದರು. ತಿಂಗಳುಗಟ್ಟಲೆ ಕಾದರು. ಕೊನೆಗೆ ಒಂದು ಕಡೆಯಿಂದ ಉತ್ತರ ಬಂತು. ನೆರವಿನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆ ಕಳಿಸಿ, ಸಂಬಳದ ಚೀಟಿ, ಗುರುತು ಚೀಟಿ ಅಂತ.

ಅವೆಲ್ಲ ಏನಾಗಿದ್ದವು ಅಂತ ಮೇಲೆ ಬರೆದಿದ್ದೇನೆ. ಸುಡಿ ಅಂತ ಹೇಳಿದವನು ನಾನು.

ನಾನು ಪತ್ರ ಬರೆದುಕೊಟ್ಟೆ, ಸಹಿ ಹಾಕಿದೆ, ನನ್ನ ಪಾಸ್‌ಪೋರ್ಟಿನ ಪ್ರತಿ ಇಟ್ಟೆ. ಅಷ್ಟು ಸಾಲದು ಅಂದರು. ಪಟ್ಟಿಯಲ್ಲಿ ಹೆಸರಿಲ್ಲ ಅನ್ನಿಸಿಕೊಳ್ಳುವುದು ಅಂದರೆ ಏನು ಅಂತ ನಮ್ಮ ಪಂಚಾಯತಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಆಮೇಲೆ ಸಂತ್ರಸ್ತರ ಪಟ್ಟಿಗೆ ಸೇರಲು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದರು. ಮಗು ಕಣ್ಣೆದುರಿಗೇ ಇದೆ, ಆದರೂ ಕಾಗದ ಕೇಳುತ್ತಾರೆ.

ಅಷ್ಟರಲ್ಲಿ 2022ರ ಡಿಸೆಂಬರ್ 24 ಬಂತು. ಕಾಬೂಲಿನ ಆರ್ಥಿಕ ಸಚಿವಾಲಯದಿಂದ ಎಲ್ಲ ನೆರವಿನ ಸಂಸ್ಥೆಗಳಿಗೂ ಪತ್ರ: ಹೆಂಗಸರು ಕೆಲಸಕ್ಕೆ ಬರಬಾರದು, ಪಾಲಿಸದಿದ್ದರೆ ಪರವಾನಗಿ ರದ್ದು. 2023ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಗೂ ಅದೇ ನಿಷೇಧ. ಡಿಸೆಂಬರ್‌ನ ಆ ರಾತ್ರಿ ನಮ್ಮ ಚಾವಡಿಯಲ್ಲಿ ಕೂತು ನಾನು ನಡೆಸಿದ ಸಭೆಯನ್ನು ಸಾಯುವ ತನಕ ಮರೆಯಲಾರೆ. ಅರ್ಧದಷ್ಟು ಸಂಸ್ಥೆಗಳು, ಹೆಂಗಸರಿಲ್ಲದೆ ಕೆಲಸ ಬೇಡ, ಎಲ್ಲವನ್ನೂ ನಿಲ್ಲಿಸೋಣ ಅಂದವು. ಉಳಿದವು, ಹೊರಗೆ ಹಿಮ ಬೀಳುತ್ತಿದೆ, ಗೋಧಿ ನಿಲ್ಲಿಸಿದರೆ ಸಾಯುವವರು ಹೆಂಗಸರು ಮಕ್ಕಳೇ ಅಂದವು. ಎರಡೂ ಸರಿ. ಮಧ್ಯೆ ನಮ್ಮಲ್ಲಿ ಕರೆಂಟ್ ಹೋಯ್ತು. ಅಮ್ಮ ಚಿಮಿಣಿ ದೀಪ ತಂದಿಟ್ಟು ಹೋದರು. ಕೊಣಾಜೆಯಲ್ಲಿ ಓದಿದ ಆ ಸಹೋದ್ಯೋಗಿಯೂ ಆ ಸಭೆಯಲ್ಲಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೊನೆಗೆ ಅವರೇ ಮೈಕ್ ಹಾಕಿ ಹೇಳಿದರು: "ನೀವು ನಿಲ್ಲಿಸಿದರೂ ಮುಂದುವರಿಸಿದರೂ ನನ್ನ ಹೆಸರು ಹೇಳಿಕೊಂಡು ಮಾಡಬೇಡಿ. ನನ್ನ ಸಂಬಳ ಮಾತ್ರ ನಿಲ್ಲಿಸಬೇಡಿ. ಮನೆಯಲ್ಲಿ ಐದು ಜನ ಇದ್ದಾರೆ."

ಹೆಂಗಸರಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ, ಪೂರ್ತಿ ಸಂಬಳ, ಆರೋಗ್ಯದ ಕೆಲಸ ಮಾತ್ರ ಮುಂದುವರಿಕೆ. ಹೀಗೊಂದು ಕುಂಟು ತೀರ್ಮಾನಕ್ಕೆ ಬಂದೆವು. ಹಣ ಕೊಡುವವರಲ್ಲಿ ಕೆಲವರು ಆರು ತಿಂಗಳಾದ ಮೇಲೆ ಕೇಳಿದರು, ಕೆಲಸಕ್ಕೆ ಬಾರದವರಿಗೆ ಸಂಬಳ ಯಾಕೆ ಅಂತ.

2023ರ ಅಕ್ಟೋಬರ್ 7ರಂದು ಹೆರಾತಿನ ಜಿಂದಜಾನ್ ಕಡೆ ಭೂಕಂಪವಾಯ್ತು. ನಮ್ಮಲ್ಲಿ ಮಧ್ಯಾಹ್ನ 12 ದಾಟಿತ್ತು. 11ಕ್ಕೆ ಮತ್ತೆ, 15ಕ್ಕೆ ಮತ್ತೆ. ಮಣ್ಣಿನ ಮನೆಗಳ ಹಳ್ಳಿಗಳು ನೆಲಸಮವಾದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಹೆಂಗಸರು ಮತ್ತು ಮಕ್ಕಳು ಅಂತ ವಿಶ್ವಸಂಸ್ಥೆಯ ಕಡೆಯವರು ಹೇಳಿದರು. ಹಗಲು ಹೊತ್ತು, ಗಂಡಸರು ಹೊರಗಿದ್ದರು. ಬದುಕಿದ ಹೆಂಗಸರ ಡೇರೆಗೆ ಹೋಗಿ ಗಾಯ ನೋಡಲು, ಏನು ಬೇಕು ಅಂತ ಕೇಳಲು ಹೆಂಗಸರೇ ಬೇಕು. ನಮ್ಮ ಸಂಸ್ಥೆಗಳಲ್ಲಿದ್ದ ಹೆಂಗಸರನ್ನು ಮನೆಯಲ್ಲಿ ಕೂರಿಸಿದ್ದರು. ಆಕೆ ಕಾಯಲಿಲ್ಲ. ಅಣ್ಣನನ್ನು ಜೊತೆಗೆ ಕರೆದುಕೊಂಡು, ಸಂಬಂಧಿಕರನ್ನು ನೋಡಲು ಹೋಗುತ್ತೇವೆ ಅಂತ ಹೇಳಿ ಹೋದರು. ಮೂರು ದಿನ ನನಗೆ ಫೋನಿನಲ್ಲಿ ಹಳ್ಳಿ ಹಳ್ಳಿಯ ಲೆಕ್ಕ ಕೊಟ್ಟರು. ಸಲೈನ್, ಬ್ಯಾಂಡೇಜು, ಹೆಂಗಸರ ಒಳಬಟ್ಟೆ, ಮುಟ್ಟಿನ ಬಟ್ಟೆ, ಪಾಯಿಖಾನೆಗೆ ಮರೆ. ಈ ಕೊನೆಯ ಮೂರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನು ಮಳೆಯಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡೆಯ ತಲೆಯಲ್ಲಿ ಕೊಡೆ ಹಿಡಿದುಕೊಂಡು ಬರೆದುಕೊಂಡೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಸುಟ್ಟಿಲ್ಲ.

ಮಾನ್ಯರೇ, ಭಾರತ ಅಫ್ಘಾನರಿಗೆ ಕೊಟ್ಟದ್ದು ಕಡಿಮೆಯಲ್ಲ. 2016ರಲ್ಲಿ ಹೆರಾತ್ ಪ್ರಾಂತ್ಯದಲ್ಲಿ ಸಲ್ಮಾ ಅಣೆಕಟ್ಟು ಕಟ್ಟಿಕೊಟ್ಟೆವು. 2022ರ ಫೆಬ್ರವರಿಯಿಂದ ಅಟ್ಟಾರಿಯ ಮೂಲಕ 50 ಸಾವಿರ ಟನ್ ಗೋಧಿ ಕಳಿಸಲು ಶುರು ಮಾಡಿದೆವು. 2025ರ ಆಗಸ್ಟ್ ಕೊನೆಗೆ ಕುನಾರಿನಲ್ಲಿ ಭೂಕಂಪವಾದಾಗ ಮರುದಿನವೇ 1,000 ಡೇರೆ ಹೋಯ್ತು. ಮೊದಲು ನಾನು ಹೆರಾತಿನಲ್ಲಿದ್ದಾಗಲೂ ಭಾರತದ ಗೋಧಿ ಚೀಲದ ಮೇಲಿನ ತ್ರಿವರ್ಣ ನೋಡಿ ಜನ ನನ್ನ ಕೈ ಹಿಡಿದಿದ್ದಾರೆ. ಆದರೆ ಆ ಚೀಲ ಯಾವ ಮನೆಗೆ ಹೋಯ್ತು, ಗಂಡ ಸತ್ತ ಹೆಂಗಸಿನ ಮನೆಗೆ ಹೋಯ್ತಾ ಅಂತ ನೋಡುವ ಮೇಜಿನಲ್ಲಿ ಭಾರತದ ಕುರ್ಚಿ ಇರಲಿಲ್ಲ. ಸಭೆಗೆ ಕರೆದರೆ ಬರುತ್ತಿದ್ದವರು ಯುರೋಪಿನವರು, ಜಪಾನಿನವರು.

2025ರ ಅಕ್ಟೋಬರ್‌ನಲ್ಲಿ ಕಾಬೂಲಿನ ನಮ್ಮ ಕಚೇರಿ ಮತ್ತೆ ಪೂರ್ಣ ರಾಯಭಾರ ಕಚೇರಿಯಾಯ್ತು. ಸಂತೋಷ. ಅಲ್ಲಿ ಒಬ್ಬ ಅಧಿಕಾರಿಗೆ ನೆರವಿನ ಸಮನ್ವಯದ ಕೆಲಸವನ್ನೇ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಆ ಸಭೆಗಳಲ್ಲಿ ಕೂತು, ಭಾರತ ಏನು ಕಳಿಸುತ್ತಿದೆ ಅಂತ ಹೇಳಿ, ಬೇರೆಯವರು ಏನು ಕಳಿಸುತ್ತಿದ್ದಾರೆ ಅಂತ ಕೇಳಿಕೊಂಡು ಬರಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಸಾಧ್ಯವಾದರೆ ಸ್ಥಳೀಯ ಸಂಸ್ಥೆಗಳ ಸಮನ್ವಯ ಕಚೇರಿಗಳಿಗೆ ಬಾಡಿಗೆ, ಇಂಟರ್‌ನೆಟ್, ಇಬ್ಬರ ಸಂಬಳದಷ್ಟು ಹಣ ಕೊಡಿ. ಅಕ್ಕಿಗೆ ಎಲ್ಲರೂ ಕೊಡುತ್ತಾರೆ, ಸುಧರಿಕೆಯವರ ಚಹಾಕ್ಕೆ ಯಾರೂ ಕೊಡುವುದಿಲ್ಲ.

ಅದೇ ಅಕ್ಟೋಬರ್‌ನಲ್ಲಿ ಅಫ್ಘಾನ್ ವಿದೇಶಾಂಗ ಸಚಿವರು ದಿಲ್ಲಿಗೆ ಬಂದಾಗ ಮೊದಲ ಪತ್ರಿಕಾಗೋಷ್ಠಿಗೆ ಪತ್ರಕರ್ತೆಯರಿಗೆ ಕರೆ ಇರಲಿಲ್ಲ. ಅದರಲ್ಲಿ ನಿಮ್ಮ ಸಚಿವಾಲಯದ ಪಾತ್ರ ಇರಲಿಲ್ಲ ಅಂತ ಹೇಳಿಕೆ ಬಂತು, ಒಪ್ಪುತ್ತೇನೆ. ಗಲಾಟೆಯಾಯ್ತು. ಎರಡು ದಿನದ ಮೇಲೆ ಇನ್ನೊಂದು ಗೋಷ್ಠಿ ನಡೆಯಿತು, ಪತ್ರಕರ್ತೆಯರು ಮುಂದಿನ ಸಾಲಿನಲ್ಲೇ ಕೂತರು. ಅಂದರೆ ಗಟ್ಟಿಯಾಗಿ ಕೇಳಿದರೆ ಆಗುತ್ತದೆ ಅಂತಾಯ್ತಲ್ಲ. ಹಾಗೆಯೇ ನೀವು ಕೇಳಿ. ಭಾರತ ಕಳಿಸುವ ಡೇರೆ, ಗೋಧಿ, ಔಷಧಿಯನ್ನು ಹಂಚುವಲ್ಲಿ ಹೆಂಗಸರು ಇರಬೇಕು ಅಂತ ಒಂದು ಮಾತು. ಎಲ್ಲವನ್ನೂ ಬದಲಿಸಿ ಅಂತ ನಾನು ಹೇಳುತ್ತಿಲ್ಲ, ಅಷ್ಟು ಗೊತ್ತಿಲ್ಲದವನಲ್ಲ.

ಇನ್ನು ವೀಸಾ. ಅದು ಗೃಹ ಸಚಿವಾಲಯದ ಕೆಲಸ ಅಂತ ನನಗೂ ಗೊತ್ತು. ಆದರೆ ಅಫ್ಘಾನರ ಹತ್ತಿರ ಕೂತು ಮಾತಾಡುವವರು ನೀವು, ಅವರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆಸಿದ ಸಂಸ್ಥೆಯೂ ನಿಮ್ಮ ಕೆಳಗೇ ಬರುತ್ತದೆ. ಭಾರತದಲ್ಲಿ ಓದಿ, ನೆರವಿನ ಕೆಲಸ ಮಾಡಿ, 2021ರಲ್ಲಿ ವೀಸಾ ಕಳೆದುಕೊಂಡವರ ಅರ್ಜಿಗಳನ್ನು ಬೇರೆಯಾಗಿ ತೆಗೆದು ನೋಡಿ. ಓದಿದ್ದಕ್ಕೆ ನಮ್ಮದೇ ವಿಶ್ವವಿದ್ಯಾನಿಲಯಗಳಲ್ಲಿ ದಾಖಲೆ ಇದೆ, ಅದನ್ನು ಯಾರೂ ಸುಟ್ಟಿಲ್ಲ. ಕೆಲಸ ಮಾಡಿದ್ದಕ್ಕೆ ಜೊತೆಗೆ ಕೆಲಸ ಮಾಡಿದ ಭಾರತೀಯರ ಪ್ರಮಾಣಪತ್ರ ತೆಗೆದುಕೊಳ್ಳಿ. ಸುಳ್ಳು ಹೇಳಿದರೆ ನಮ್ಮ ಮೇಲೆ ಕೇಸು ಹಾಕಿ. ನಾವು ಇಲ್ಲೇ ಇದ್ದೇವೆ, ಓಡಿಹೋಗುವುದಿಲ್ಲ.

ಕೊನೆಗೊಂದು ಸಣ್ಣ ವಿಷಯ. 2021ರ ಆಗಸ್ಟಿನಲ್ಲಿ ಒಂದು ಕಚೇರಿಯಿಂದ ನನ್ನ ಅಮ್ಮನಿಗೆ ಫೋನ್ ಬಂತು. ಮಾತಾಡಿದವರಿಗೆ ಒಳ್ಳೆಯ ಮನಸ್ಸೇ ಇತ್ತು. ಮೊದಲು ಮಲಯಾಳದಲ್ಲಿ, ಆಮೇಲೆ ಹಿಂದಿಯಲ್ಲಿ ಮಾತಾಡಿದರು. ಅಮ್ಮನಿಗೆ ಎರಡೂ ಬಾರದು. ಅರ್ಥವಾದದ್ದು ನನ್ನ ಹೆಸರು, ಕಾಬೂಲ್ ಅಂತ ಒಂದು ಶಬ್ದ, ಅಷ್ಟೇ. ಫೋನ್ ಇಟ್ಟು ದೇವರ ಕೋಣೆಗೆ ಹೋಗಿ ಕೂತರಂತೆ. ನಾನು ಕ್ಷೇಮವಾಗಿದ್ದೇನೆ ಅಂತ ಹೇಳಲು ಮಾಡಿದ ಫೋನು ಅದು. ಸಂಜೆ ಪಕ್ಕದ ಮನೆಯ ಅಣ್ಣ ಅದೇ ನಂಬರಿಗೆ ತಿರುಗಿ ಫೋನ್ ಮಾಡಿ ಕೇಳುವ ತನಕ ಅಮ್ಮ ನೀರು ಕುಡಿದಿರಲಿಲ್ಲ. ಹೊರದೇಶದಲ್ಲಿರುವವರ ಹೆಸರು ಬರೆದುಕೊಳ್ಳುವ ನಿಮ್ಮ ಫಾರಮಿನಲ್ಲಿ ಮನೆಯವರ ಭಾಷೆ ಯಾವುದು ಅಂತ ಒಂದು ಕಾಲಂ ಸೇರಿಸಿ. ಕಾಸರಗೋಡು ಕೇರಳದಲ್ಲಿದೆ, ಹಾಗಾಗಿ ಮಲಯಾಳ ಅಂತ ಲೆಕ್ಕ ಹಾಕಬೇಡಿ.

ಆಕೆ ಈಗಲೂ ಹೆರಾತಿನಲ್ಲೇ ಇದ್ದಾರೆ. ಮನೆಯಲ್ಲಿ ನಾಲ್ಕು ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ, ಹೊಲಿಗೆ ಕಲಿಸುವುದು ಅಂತ ಹೊರಗೆ ಹೇಳಿಕೊಂಡು. ಕಳೆದ ವಾರ ಫೋನ್ ಮಾಡಿದ್ದರು. ಈ ಪತ್ರ ಬರೆಯುತ್ತೇನೆ, ಒಪ್ಪಿಗೆಯಾ ಅಂತ ಕೇಳಿದೆ. ಬರೆಯಿರಿ, ಆದರೆ ಕೊಣಾಜೆಯ ಬಸ್ಸಿನ ವಿಷಯ ಬಿಡಬೇಡಿ ಅಂದರು. ಆಕೆಯ ಅರ್ಜಿಯ ನಂಬರ್, ನನ್ನ ಪ್ರಮಾಣಪತ್ರ ಎರಡೂ ಸಿದ್ಧ ಇವೆ. ನಿಮ್ಮ ಕಚೇರಿಯಲ್ಲಿ ಯಾರ ಹೆಸರಿಗೆ ಕಳಿಸಬೇಕು ಅಂತ ತಿಳಿಸಿದರೆ ಅದೇ ದಿನ ಪೆರ್ಲದ ಅಂಚೆ ಕಚೇರಿಯಿಂದ ರಿಜಿಸ್ಟರ್ ಮಾಡಿ ಕಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಎಣ್ಮಕಜೆ ಪಂಚಾಯತಿನ ಒಬ್ಬ ನಿವಾಸಿ
ಕಾಸರಗೋಡು ಜಿಲ್ಲೆ